ತಕಾವೋಕಾದಲ್ಲಿ ತೂಗುಬಿಟ್ಟ ಸರಳು

ಹೊಸಪೇಟೆ

ಪರದೇಶಕ್ಕೆ ಹೋಗುವವರು ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗುತ್ತಾರೆ. ನಾನು ಅವುಗಳ ಜೊತೆಗೆ ಮೂರು ಅಲ್ಯೂಮಿನಿಯಂ ಸರಳುಗಳನ್ನೂ ಒಂದು ಒಡೆದ ಪಿಸ್ಟನ್ನನ್ನೂ ಕಟ್ಟಿಕೊಂಡು ಜಪಾನಿಗೆ ಹೋದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಪಿಸ್ಟನ್ನನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಒಡೆದು ಹೋಗಿದೆಯಲ್ಲ ಮೇಡಂ, ಯಾಕೆ ತಗೊಂಡು ಹೋಗ್ತಿದ್ದೀರಿ?” ಅಂದ. ಹನ್ನೆರಡು ವರ್ಷದ ಕಥೆಯನ್ನು ಆ ಸಾಲಿನಲ್ಲಿ ನಿಂತು ಹೇಳುವುದು ಹೇಗೆ? “ರಿಪೇರಿಗೆ” ಅಂದುಬಿಟ್ಟೆ. ನಕ್ಕು ಕಳಿಸಿಕೊಟ್ಟ.

ನಿಮಗೆ ಮಾತ್ರ ಆ ಕಥೆ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಹೊಸಪೇಟೆಯ ಒಂದು ಸಣ್ಣ ಫೌಂಡ್ರಿಯಲ್ಲಿ ಲೋಹಶಾಸ್ತ್ರ ಓದಿದವಳು ಅಂತ ಇರುವುದು ನಾನೊಬ್ಬಳೇ. ಅಲ್ಲಿ ಎರಕದ ಮೇಸ್ತ್ರಿಯಾಗಿದ್ದ ಹುಲುಗಪ್ಪ ನನ್ನ ತಾಯಿಯ ತಮ್ಮ, ನನ್ನ ಮಾಮ. ಬುಕ್ಕಸಾಗರದ ಗದ್ದೆಯ ಮನೆಯಿಂದ ಹೊರಟು, ಹರೆಯದಲ್ಲಿ ಸಂಡೂರಿನ ಗಣಿಯ ವರ್ಕ್‌ಶಾಪಿನಲ್ಲಿ ಡಂಪರುಗಳ ಮುರಿದ ಭಾಗ ಕರಗಿಸುತ್ತಾ ಕಲಿತವನು. ಕಾದ ಲೋಹದ ಹದ ನೋಡಲು ಅವನಿಗೆ ಮೀಟರು ಬೇಕಿರಲಿಲ್ಲ. ಒಣಗಿದ ಜೋಳದ ದಂಟನ್ನು ಅದ್ದಿ ತೆಗೆದು, ಅದು ಕರಿದಾದ ರೀತಿ ನೋಡಿ “ಹುಯ್ರಿ” ಅನ್ನುತ್ತಿದ್ದ. ನಾನು ಮೀಟರು ತಂದ ಮೇಲೆ ದಂಟು ಒಂದು ಕೈಯಲ್ಲಿ, ಮೀಟರು ಇನ್ನೊಂದು ಕೈಯಲ್ಲಿ. ಎರಡೂ ಒಂದೇ ಹೇಳಿದರೆ “ನಿನ್ನ ಮೀಟರ್ ಪಾಸಾತು” ಎಂದು ನನ್ನನ್ನು ಕಾಡಿಸುತ್ತಿದ್ದ.

ಅವನದೊಂದು ಪದ್ಧತಿ ಇತ್ತು. ಪ್ರತಿ ಸಲ ಎರಕ ಹೊಯ್ದ ಮೇಲೆ ಉಳಿದ ಲೋಹದಲ್ಲಿ ಒಂದು ಗಡ್ಡೆ ತೆಗೆದಿಟ್ಟು, ಮರುದಿನ ಲೋಹ ಕರಗಿಸುವ ಮೂಸೆಗೆ ಮೊದಲು ಅದನ್ನೇ ಹಾಕುವುದು. ಅದಕ್ಕೆ ಹೆಪ್ಪು ಅನ್ನುತ್ತಿದ್ದ. ಫೌಂಡ್ರಿ ಶುರುವಾದ ದಿನದಿಂದ ಆ ಹೆಪ್ಪು ತಪ್ಪಿರಲಿಲ್ಲ. “ಮೊಸರಿಗೆ ಹೆಪ್ಪು ಬ್ಯಾಡೇನು? ಇದೂ ಹಂಗ” ಅನ್ನುತ್ತಿದ್ದ.

ನಾವು ನದಿದಂಡೆಯ ಡೀಸೆಲ್ ಪಂಪುಗಳಿಗೆ ಪಿಸ್ಟನ್ ಮಾಡಿ ಕೊಡುವವರು. ಹನ್ನೆರಡು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಕಂಪ್ಲಿ ಕಡೆಯ ಗದ್ದೆಯೊಂದರಲ್ಲಿ ನಮ್ಮ ಪಿಸ್ಟನ್ ಓಡುತ್ತಿದ್ದಾಗಲೇ ಒಡೆಯಿತು. ಎಂಜಿನ್ನಿನ ಹೊಟ್ಟೆ ಸೀಳಿಕೊಂಡು ಕಬ್ಬಿಣ ಹೊರಗೆ ಹಾರಿತು. ಎಂಜಿನ್ ನಿಲ್ಲಿಸಲು ಕೈ ಚಾಚಿದ್ದ ಪಂಪಿನ ಆಳು ಯಂಕೋಬನ ಬಲಗೈ ಮಣಿಕಟ್ಟಿನ ತನಕ ಹೋಯಿತು. (ಆತನ ನಿಜವಾದ ಹೆಸರು ಬೇರೆ. ಆ ದಂಡೆಗೆ ಪಂಪುಗಳು ಲೆಕ್ಕವಿಲ್ಲದಷ್ಟಿವೆ, ದಯವಿಟ್ಟು ಹುಡುಕಬೇಡಿ. ಯಾಕೆಂದು ಕೊನೆಗೆ ತಿಳಿಯುತ್ತದೆ.)

ನಾನಾಗ ಕಾಲೇಜು ಮುಗಿಸಿ ಬಂದ ಹೊಸತು. ಒಡೆದ ಪಿಸ್ಟನ್ನಿನ ಚೂರನ್ನು ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಸೂಜಿಗಳು ಕಂಡವು. ಅಲ್ಯೂಮಿನಿಯಂಗೆ ಕಬ್ಬಿಣ ಸೇರಿದರೆ ಒಳಗೆ ಹಾಗೆ ಸೂಜಿಗಳು ಹುಟ್ಟುತ್ತವೆ, ಅಲ್ಲಿಂದಲೇ ಬಿರುಕು ಬಿಡುತ್ತದೆ ಎಂದು ಪುಸ್ತಕದಲ್ಲಿತ್ತು. ಕಬ್ಬಿಣದ ಸೌಟಿನಿಂದ ಲೋಹಕ್ಕೆ ಇಳಿದದ್ದನ್ನು ಹೆಪ್ಪು ದಿನಾ ಮರುದಿನದ ಎರಕಕ್ಕೆ ಒಯ್ಯುತ್ತಿತ್ತು. ಇನ್ನೇನು ಬೇಕು? ಫೌಂಡ್ರಿಯ ಎಲ್ಲರೂ ನಿಂತಿರುವಾಗ, “ಮಾಮ, ನಿನ್ನ ಹೆಪ್ಪೇ ಇದಕ್ಕೆ ಕಾರಣ” ಅಂದೆ. ಮಾಮ ಅಂದಿನ ಹೆಪ್ಪನ್ನು ಎತ್ತಿ ರದ್ದಿಯ ಗುಡ್ಡೆಗೆ ಎಸೆದ. ಮತ್ತೆಂದೂ ಹೆಪ್ಪು ಹಾಕಲಿಲ್ಲ.

ಒಡೆದ ಪಿಸ್ಟನ್ ಮಾತ್ರ ಅವನ ಕಿಟಕಿಯ ಕಟ್ಟೆಯ ಮೇಲೆಯೇ ಉಳಿಯಿತು. ವರ್ಷಕ್ಕೊಂದು ಸಲ, ಸುಗ್ಗಿ ಮುಗಿದ ಮೇಲೆ, ಮಾಮ ಯಂಕೋಬನ ಮನೆಗೆ ಹೋಗುತ್ತಿದ್ದ. ಬರಿಗೈಯಲ್ಲಲ್ಲ, ಒಂದೇ ಕೈಯಿಂದ ಬಳಸುವಂಥ ಏನಾದರೊಂದನ್ನು ತಾನೇ ಎರಕ ಹೊಯ್ದು ಒಯ್ಯುತ್ತಿದ್ದ. ರೊಟ್ಟಿ ಜಾರದಂತೆ ಎತ್ತರದ ಅಂಚಿರುವ ತಟ್ಟೆ, ಈರುಳ್ಳಿ ಚುಚ್ಚಿಟ್ಟು ಹೆಚ್ಚಲು ಮೊಳೆಯಿರುವ ಮಣೆ, ಇಂಥವು.

ಆಮೇಲಿನ ವರ್ಷಗಳೆಲ್ಲ ನಾವಿಬ್ಬರೂ ಹೆಣಗಿದ್ದು ಒಂದೇ ಕೆಲಸಕ್ಕೆ, ಎಷ್ಟು ಕಾದರೂ ಒಡೆಯದ ಪಿಸ್ಟನ್ ಲೋಹಕ್ಕೆ. ಅಲ್ಯೂಮಿನಿಯಂ ಹಗುರ, ಆದರೆ ಬಿಸಿಗೆ ಅಂಜುವ ಲೋಹ. ಅದಕ್ಕೆ ಗಟ್ಟಿತನ ಬರುವುದು ಒಳಗೆ ಹರಡಿದ ತಾಮ್ರ, ಮೆಗ್ನೀಸಿಯಮ್ಮಿನ ಸಣ್ಣ ಸಣ್ಣ ಕಣಗಳಿಂದ. ತುಂಬಾ ಕಾದರೆ ಆ ಕಣಗಳು ಉಪ್ಪಿಟ್ಟಿನ ರವೆ ಗಂಟು ಕಟ್ಟಿದ ಹಾಗೆ ಒಂದಕ್ಕೊಂದು ಕೂಡಿ ದಪ್ಪಗಾಗುತ್ತವೆ, ಲೋಹ ಮೆತ್ತಗಾಗುತ್ತದೆ. ಗಂಟು ಕಟ್ಟದ ಕಣಗಳು ಬೇಕು. ನಿಕ್ಕಲ್ ಹಾಕಿದೆವು, ಸಿರಿಯಂ ಹಾಕಿದೆವು, ಒಂದಿಷ್ಟು ಮ್ಯಾಂಗನೀಸು ಹಾಕಿದೆವು. ಮ್ಯಾಂಗನೀಸು ಸಂಡೂರಿನ ಗಣಿಯಲ್ಲೂ ಸಿಗುತ್ತದೆ. ಅದನ್ನು ಹಾಕಿದ ದಿನ ಮಾಮ “ನಮ್ಮ ಸಂಡೂರು ಸೇರ್ತು ನೋಡು, ಇನ್ನ ಗಟ್ಟಿ ಆಗ್ತೈತಿ” ಅಂದ. ಅದು ಬಂದದ್ದು ಎಲ್ಲಿಯದೋ ಡಬ್ಬಿಯಲ್ಲಿ. ನಾನು ಅವನ ಖುಷಿ ಕೆಡಿಸಲಿಲ್ಲ.

ಆ ಲೋಹದ ಸರಳುಗಳನ್ನು ಪರೀಕ್ಷೆ ಮಾಡಿಕೊಡಲು ತಕಾವೋಕಾ ಎಂಬ ಊರಿನ ಪ್ರಯೋಗಾಲಯ ಒಪ್ಪುವ ಹೊತ್ತಿಗೆ ಮಾಮನ ಶ್ವಾಸಕೋಶ ಸೋತಿತ್ತು. ಮೂವತ್ತು ವರ್ಷ ಎರಕದ ಮರಳಿನ ಧೂಳು ಕುಡಿದದ್ದು ಎಲ್ಲಿಗೆ ಹೋಗುತ್ತದೆ? ಹೊರಡುವ ದಿನ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡೇ ಪಿಸ್ಟನ್ನನ್ನು ನನ್ನ ಚೀಲಕ್ಕೆ ತುರುಕಿದ.

“ಇದ್ಯಾಕ ಮಾಮ? ಇದರದ್ದು ಗೊತ್ತಾದದ್ದೇ ಅಲ್ಲೇನು?”

“ತೋರ್ಸಿದ್ರ ಏನ್ ಕಳ್ಕಂತಿ? ನನಗ ಇನ್ನೊಮ್ಮಿ ಕೇಳ್ಬೇಕೈತಿ. ಜಲ್ದಿ ತೋರ್ಸು, ಆತ?”

ಜಲ್ದಿ ಅಂದದ್ದು ಯಾಕೆಂದು ಇಬ್ಬರಿಗೂ ಗೊತ್ತಿತ್ತು.

ಕೆಂಪು ರಸ್ತೆ

ತಕಾವೋಕಾ ಜಪಾನಿನ ಪಶ್ಚಿಮ ಕರಾವಳಿಯ ಎರಕದ ಊರು. ತಲೆಮಾರುಗಳಿಂದ ಕಂಚು, ಹಿತ್ತಾಳೆ ಹೊಯ್ದವರು ಈಗ ಅಲ್ಯೂಮಿನಿಯಂ ಹೊಯ್ಯುತ್ತಾರೆ. ಜನವರಿಯಲ್ಲಿ ಹೋದದ್ದರಿಂದ ಊರೆಲ್ಲ ಹಿಮದೊಳಗೆ ಹೂತಿತ್ತು. ನಾನು ರೈಲಿಳಿದು ಹೊರಗೆ ಬಂದು ಮೊದಲು ನೋಡಿದ್ದು ರಸ್ತೆಯನ್ನು. ಎರಡೂ ಬದಿ ಬಿಳಿ ಗೋಡೆಯಂತೆ ಹಿಮ, ನಡುವೆ ಕೆಂಪು ರಸ್ತೆ! ಅದಿರಿನ ಲಾರಿ ಓಡಾಡಿದ ಸಂಡೂರಿನ ದಾರಿಯೇ. ಕುರೆಕುಪ್ಪದ ಹತ್ತಿರ ಬಟ್ಟೆ ಒಣಹಾಕಿದರೆ ಅದಿರಿನ ಧೂಳು ಕೂತು ಬರುತ್ತದಲ್ಲ, ಅದೇ ಬಣ್ಣ.

ಅದು ಅದಿರಲ್ಲ. ಹಿಮ ಕರಗಲಿ ಎಂದು ಆ ಊರಿನವರು ರಸ್ತೆಯ ನಡುವೆ ಸಾಲಾಗಿ ಸಣ್ಣ ತೂತುಗಳ ಕೊಳವೆ ಹೂತು, ನೆಲದಡಿಯ ನೀರನ್ನು ಚಿಮ್ಮಿಸುತ್ತಾರೆ. ಆ ನೀರಿನಲ್ಲಿ ಕಬ್ಬಿಣವಿದೆ. ವರ್ಷ ವರ್ಷವೂ ತುಕ್ಕು ಕೂತು ರಸ್ತೆ ಕೆಂಪಾಗಿದೆ. ಇದನ್ನು ನಾನು ತಿಳಿದುಕೊಂಡದ್ದು ಓದಿ ಅಲ್ಲ. ಸಂಡೂರು ನೆನೆಯುತ್ತಾ ಬಾಯಿ ಬಿಟ್ಟುಕೊಂಡು ನಿಂತಿದ್ದಾಗ ಸರಿಯಾಗಿ ನನ್ನ ಕಾಲ ಬುಡದಲ್ಲೇ ನೀರು ಚಿಮ್ಮಿತು. ಹೊಸಪೇಟೆ ಬಜಾರಿನಲ್ಲಿ ಕೊಂಡ ಕ್ಯಾನ್ವಾಸ್ ಬೂಟು, ಕಾಲುಚೀಲ, ಸೀರೆಯ ನೆರಿಗೆ ಎಲ್ಲಾ ತೊಯ್ದು ತೊಪ್ಪೆ.

ನಾನಿಳಿದಿದ್ದ ಸಣ್ಣ ವಸತಿಯ ಅಜ್ಜಿ ನನ್ನ ಬೂಟು ನೋಡಿ ಏನೂ ಕೇಳದೆ ಒಳಗೆ ಹೋಗಿ ಹಳೆಯ ಪತ್ರಿಕೆ ತಂದಳು. ಹಾಳೆಗಳನ್ನು ಉಂಡೆ ಮಾಡಿ ಬೂಟಿನೊಳಗೆ ತುರುಕಿ, ಸ್ಟೋವಿನ ಹತ್ತಿರ ಮಗ್ಗುಲಾಗಿ ಮಲಗಿಸಿದಳು. ಒಂದು ತಾಸಿಗೊಮ್ಮೆ ಬಂದು ಒದ್ದೆ ಉಂಡೆ ತೆಗೆದು ಒಣ ಉಂಡೆ ಹಾಕುವುದು. ಮೂರು ಸಲ ಬಂದಳು. ನಮ್ಮಲ್ಲಿ ಯಾರಾದರೂ ಪರದೇಶಿಯ ಬೂಟಿಗೆ ಹೀಗೆ ಆರೈಕೆ ಮಾಡಿಯಾರೇ? ಊಟಕ್ಕೇನೋ ಕರೆದೇವು. ಬೂಟು ಅವನವನ ಹಣೆಬರಹ.

ಮಾಮನಿಗೆ ಫೋನಿನಲ್ಲಿ ರಸ್ತೆಯ ಚಿತ್ರ ಕಳಿಸಿದೆ. ಗಂಗತ್ತೆ, ಅವನ ಹೆಂಡತಿ, ಅವನ ಉತ್ತರ ಹೇಳಿದಳು: “ನಿಮ್ಮಾಮ ಕೇಳಾಕತ್ಯಾನ, ಅಷ್ಟು ದೂರ ಹೋಗಿ ಸಂಡೂರಿನ ಫೋಟೋ ಯಾಕ ಕಳ್ಸೀದಿ ಅಂತ.”

ಸೋಮವಾರ

ಪ್ರಯೋಗಾಲಯದಲ್ಲಿ ನನಗೆ ಸಿಕ್ಕವರು ಇಬ್ಬರು. ಮೊರಿತಾ-ಸಾನ್ (ಸಾನ್ ಅಂದರೆ ನಮ್ಮ ‘ಅವರು’ ಇದ್ದ ಹಾಗೆ), ನಿವೃತ್ತರಾದ ಮೇಲೂ ಪ್ರಯೋಗಾಲಯದವರು ಕರೆಸಿಕೊಂಡ ಹಿರಿಯರು. ಯೋಶಿಯೆ-ಸಾನ್, ಯಂತ್ರಗಳನ್ನು ನೋಡಿಕೊಳ್ಳುವ ನಡುವಯಸ್ಸಿನ ಹೆಂಗಸು. ಅವರ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಕುಂಟು. ಕುಂಟರಿಬ್ಬರು ಕೈ ಹಿಡಿದು ನಡೆದ ಹಾಗೆ ಹೇಗೋ ಮಾತು ಸಾಗಿತು.

ಪರೀಕ್ಷೆ ಕೇಳಲು ಸರಳ, ನೋಡಲು ಕಷ್ಟ. ಸರಳನ್ನು ಒಂದು ಪುಟ್ಟ ಕುಲುಮೆಯೊಳಗೆ ನೇತುಹಾಕಿ, ಕೆಳಗೆ ಭಾರ ಕಟ್ಟಿ, ಪಿಸ್ಟನ್ನಿನ ನೆತ್ತಿ ಕಾಯುವಷ್ಟು ಬಿಸಿಯಲ್ಲಿ ಹಾಗೇ ಬಿಡುವುದು. ಭಾರ ಜಗ್ಗುತ್ತಿರುತ್ತದೆ, ಬಿಸಿ ಕಾಯಿಸುತ್ತಿರುತ್ತದೆ, ಸರಳು ಕೂದಲೆಳೆಯಷ್ಟು ಕೂದಲೆಳೆಯಷ್ಟು ಉದ್ದವಾಗುತ್ತಾ ಹೋಗಿ ಒಂದು ಗಳಿಗೆಯಲ್ಲಿ ಮುರಿಯುತ್ತದೆ. ನೂರು ತಾಸು ತಾಳಿದರೆ ನಮ್ಮ ಲೋಹ ಗೆದ್ದಂತೆ. ಹೋಲಿಸಿ ನೋಡಲೆಂದು ಮೂರರಲ್ಲಿ ಒಂದು ಸರಳು ನಮ್ಮ ಹಳೆಯ ಲೋಹದ್ದು. ಉಳಿದೆರಡು ಹೊಸ ಲೋಹದವು. ಒಂದು ತೂಗುಬಿಡಲು, ಒಂದು ಕತ್ತರಿಸಿ ನೋಡಲು.

ಸೋಮವಾರ ಮಧ್ಯಾಹ್ನ ಎರಡು ಕುಲುಮೆಗಳಲ್ಲಿ ಹಳೆಯದೊಂದನ್ನೂ ಹೊಸದೊಂದನ್ನೂ ತೂಗುಬಿಟ್ಟರು. ಯೋಶಿಯೆ-ಸಾನ್ ಪ್ರತಿಯೊಂದಕ್ಕೂ ಸೊಂಟ ಬಗ್ಗಿಸಿ ಏನೋ ಹೇಳಿದರು. ದೇವರಿಗೋ ಎಂದು ಕೇಳಿದೆ. “ಅಲ್ಲ, ಸರಳಿಗೆ. ‘ದಯವಿಟ್ಟು ಗಮನವಿಡಿ, ನಿಮ್ಮನ್ನು ನಂಬಿದ್ದೇವೆ’ ಅಂತ” ಅಂದರು. ನಗು ಬಂತು, ಆಮೇಲೆ ಮೂಸೆಗೆ ಕುಂಕುಮ ಹಚ್ಚುವ ಮಾಮ ನೆನಪಾಗಿ ನಗು ಹೋಯಿತು. ನಮ್ಮಪ್ಪನ ಕಾಲಕ್ಕೇ ನಮ್ಮ ಮನೆ ಬುದ್ಧನ ದಾರಿ ಹಿಡಿದಿತ್ತು. ಮಾಮ ಮಾತ್ರ ನಮ್ಮ ಕಡೆಯ ದೇವಿ ಹುಲಿಗೆಮ್ಮನನ್ನು ಬಿಟ್ಟವನಲ್ಲ.

ಮರುದಿನ ಹೋಗುವಷ್ಟರಲ್ಲಿ ಹಳೆಯ ಲೋಹದ ಸರಳು ಮುರಿದು ಬಿದ್ದಿತ್ತು. ಹೊಸದು ತೂಗುತ್ತಲೇ ಇತ್ತು. ಅಂದಿನಿಂದ ನನ್ನ ದಿನವೆಂದರೆ ಬೆಳಿಗ್ಗೆ ಬಂದು ಸರಳು ಎಷ್ಟು ಜಗ್ಗಿದೆ ಎಂದು ತೋರಿಸುವ ಮುಳ್ಳು ನೋಡುವುದು, ಮಧ್ಯಾಹ್ನ ಫೋನ್ ಮಾಡುವುದು. ಹೊಸಪೇಟೆಯಲ್ಲಿ ಆಗ ಬೆಳಗಿನ ಚಹಾದ ಹೊತ್ತು.

“ಮುರೀತೇನವಾ?”

“ಇಲ್ಲ ಮಾಮ.”

“ಎಷ್ಟು ಜಗ್ಗೈತಿ?”

“ಒಂದು ಕೂದಲಷ್ಟು.”

“ಜಗ್ಗಲಿ ಬಿಡು. ನಾನೂ ಜಗ್ಗಾಕತ್ತೀನಿ. ಯಾರು ಮೊದಲು ಕಡೀತೀವೋ ನೋಡಣಂತ.”

“ಹಂಗ ಮಾತಾಡಬ್ಯಾಡ ಮಾಮ.”

“ಚಾಷ್ಟಿ ಮಾಡಿದ್ರೂ ತಡಕಳ್ಳಂಗಿಲ್ಲ ನೀ” ಅಂದು ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ, ಗಂಗತ್ತೆ ಫೋನ್ ತೆಗೆದುಕೊಂಡು, “ಆಮ್ಯಾಲ ಮಾಡು ಸುಜಾತ” ಅಂದಳು. ಕಿಟಕಿಯಾಚೆ ಹಿಮ ಬೀಳುತ್ತಿತ್ತು. ನನಗೆ ಊರಿಗೆ ಓಡಿಹೋಗಬೇಕೆನಿಸಿತು. ಸರಳು ಬಿಟ್ಟು ಹೋದರೆ ಅವನೇ ಬೈಯುತ್ತಾನೆ ಅಂತಲೂ ಅನಿಸಿತು.

ಬುಧವಾರ

ಈ ಊರಿನ ನಡುವೆ ಕಂಚಿನ ದೊಡ್ಡ ಬುದ್ಧನಿದ್ದಾನೆ. ಅವನನ್ನು ನೋಡಿ ಬಾ ಎಂದು ಮಾಮ ಹೇಳಿದ್ದ. ಭಕ್ತಿಯಿಂದಲ್ಲ. “ಬೆಸುಗಿ ಎಲ್ಲೆಲ್ಲಿ ಕಾಣ್ತೈತಿ ನೋಡ್ಕಂಡು ಬಾ” ಎಂದು. ಮನೆಯಲ್ಲಿ ಬುದ್ಧನ ಪಟಕ್ಕೆ ಕೈ ಮುಗಿದು ಬೆಳೆದ ನಾನು, ಹಿಮದಲ್ಲಿ ನಿಂತು ಬುದ್ಧನ ಭುಜದ ಮೇಲೆ, ಮಡಿಲ ಕೆಳಗೆ ಬೆಸುಗೆ ಹುಡುಕಿದೆ. ಪಕ್ಕದಲ್ಲಿ ಕೈ ಮುಗಿಯುತ್ತಿದ್ದ ಮುದುಕ ನನ್ನನ್ನು ಒಂದು ಥರ ನೋಡಿದ. ಹಂಪಿಯಲ್ಲಿ ಕಂಬದ ಕೆತ್ತನೆ ನೋಡದೆ ಅದರ ಬುಡದ ಕಲ್ಲು ಕೂಡಿಸಿದ್ದು ಹೇಗೆ ಎಂದು ಮೊಣಕಾಲೂರಿ ಇಣುಕುವ ಪ್ರವಾಸಿಗಳನ್ನು ನಾನೂ ಹಾಗೆಯೇ ನೋಡಿದ್ದೇನೆ.

ಅಲ್ಲಿಂದ ಮೊರಿತಾ-ಸಾನ್ ನನ್ನನ್ನು ಎರಕದವರ ಹಳೆಯ ಬೀದಿಗೆ ಕರೆದೊಯ್ದರು. ಮರದ ಜಾಲಂಧ್ರದ ಮನೆಗಳು, ಹಿಂದುಗಡೆ ಕುಲುಮೆ. ಅವರ ಅಣ್ಣ ಅಲ್ಲಿ ಇನ್ನೂ ಎರಕ ಹೊಯ್ಯುತ್ತಾರೆ. ನಾವು ಹೋದಾಗ ಮೂಸೆ ಕಾಯುತ್ತಿತ್ತು. ಅವರು ಗೂಡಿನಿಂದ ಹಿಂದಿನ ದಿನದ ಎರಕದಲ್ಲಿ ಉಳಿದ ಒಂದು ಗಡ್ಡೆ ತೆಗೆದು ಮೂಸೆಗೆ ಹಾಕಿ, ಅದು ಕರಗಿದ ಮೇಲೆಯೇ ಉಳಿದ ಲೋಹ ಹಾಕಿದರು.

ಅದು ನಮ್ಮ ಹೆಪ್ಪೇ. “ಅದು ಯಾಕೆ?” ಅಂದೆ.

ಅಣ್ಣತಮ್ಮಂದಿರು ಇದೂ ಒಂದು ಪ್ರಶ್ನೆಯೇ ಎಂಬಂತೆ ಮುಖ ನೋಡಿಕೊಂಡರು. ಮೊರಿತಾ-ಸಾನ್ ಹೇಳಿದರು: “ಒಣ ಮೂಸೆಯಲ್ಲಿ ಲೋಹ ನಿಧಾನ ಕರಗುತ್ತದೆ, ಹೆಚ್ಚು ಸುಟ್ಟುಹೋಗುತ್ತದೆ. ತಳದಲ್ಲಿ ಸ್ವಲ್ಪ ಕರಗಿದ್ದು ಇದ್ದರೆ ಉಳಿದದ್ದು ಅದರೊಳಗೆ ಬೇಗ ಇಳಿಯುತ್ತದೆ. ನಮ್ಮ ಅಜ್ಜ ಹೇಳಿಕೊಟ್ಟದ್ದು.”

“ಹಳೆಯದರ ಕಬ್ಬಿಣ ಹೊಸದಕ್ಕೂ ಬರುವುದಿಲ್ಲವೇ?”

“ಒಂದು ಗಡ್ಡೆಯಲ್ಲಿ ಎಷ್ಟು ಬರುತ್ತದೆ? ದೊಡ್ಡ ಕೊಡಕ್ಕೆ ಒಂದು ಚಮಚ.”

ಹನ್ನೆರಡು ವರ್ಷದಲ್ಲಿ ಈ ಲೆಕ್ಕವನ್ನು ನಾನು ಮಾಡಿರಲಿಲ್ಲ. ಹತ್ತನೆಯ ಕ್ಲಾಸಿನ ಹುಡುಗರೂ ಮಾಡುವ ಲೆಕ್ಕ. ಮಾಮನ ಬಾಯಿ ಮುಚ್ಚಿಸಿದ ಮೇಲೆ ಅದರ ಅಗತ್ಯವೇ ನನಗೆ ಬಿದ್ದಿರಲಿಲ್ಲ. ಆ ಬೀದಿಯಲ್ಲೇ ಚೀಲ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ್ದ ಪಿಸ್ಟನ್ನನ್ನು ಮೊರಿತಾ-ಸಾನ್ ಕೈಗೆ ಕೊಟ್ಟೆ.

ಶುಕ್ರವಾರ

ಮೊರಿತಾ-ಸಾನ್ ಎರಡು ದಿನ ತೆಗೆದುಕೊಂಡರು. ಶುಕ್ರವಾರ ಬೆಳಿಗ್ಗೆ ಕರೆದು ಕೂರಿಸಿ, ಎದುರಿಗೆ ಚಹಾ ಇಟ್ಟರು. ಅಲ್ಲಿ ಕೆಟ್ಟ ಸುದ್ದಿಗೆ ಮೊದಲು ಚಹಾ ಇಡುತ್ತಾರೆಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

“ಸೂಜಿಗಳು ಇವೆ,” ಅಂದರು. “ಆದರೆ ಸ್ವಲ್ಪ. ಇಂಥ ಎರಕದಲ್ಲಿ ಎಲ್ಲಾ ಕಡೆಯೂ ಇರುತ್ತವೆ. ಇದನ್ನು ಕೊಂದದ್ದು ಅವಲ್ಲ.”

ವಜ್ರದ ಮೊನೆಯನ್ನು ಲೋಹಕ್ಕೆ ಒತ್ತಿ, ಬಿದ್ದ ಗುಂಡಿಯ ಅಗಲ ಅಳೆದು ಗಟ್ಟಿತನ ತಿಳಿಯುವ ಯಂತ್ರವಿದೆ. ಅವರು ಪಿಸ್ಟನ್ನಿನ ಬುಡದಿಂದ ನೆತ್ತಿಯವರೆಗೆ ಸಾಲಾಗಿ ಒತ್ತಿ ನೋಡಿದ್ದರು. ಬುಡದಲ್ಲಿ ಲೋಹ ಆಗತಾನೇ ಎರಕ ಹೊಯ್ದದ್ದರಷ್ಟೇ ಗಟ್ಟಿಯಾಗಿತ್ತು. ಮಾಮ ಹೊಯ್ದದ್ದರಲ್ಲಿ ಒಂದಿಷ್ಟೂ ಕುಂದಿರಲಿಲ್ಲ. ನೆತ್ತಿಯ ಹತ್ತಿರ ಮೇಣದಷ್ಟು ಮೆತ್ತಗಾಗಿತ್ತು. ಒಳಗಿನ ಕಣಗಳು ಗಂಟು ಕಟ್ಟಿ ದಪ್ಪಗಾಗಿದ್ದವು.

“ಲೋಹ ತಾನೆಷ್ಟು ಬೆಂದೆ ಎನ್ನುವುದನ್ನು ಮರೆಯುವುದಿಲ್ಲ,” ಅಂದರು ಮೊರಿತಾ-ಸಾನ್. “ಈ ಎಂಜಿನ್ ತಂಪು ಮಾಡುವ ನೀರಿಲ್ಲದೆ ಬಹಳ ಹೊತ್ತು ಓಡಿದೆ. ಯಾರೋ ನೀರು ಹಾಕಲು ಮರೆತಿದ್ದಾರೆ. ಎರಕದವನ ತಪ್ಪಲ್ಲ.”

ಅಂಥ ಯಂತ್ರ ಆಗ ನಮ್ಮಲ್ಲಿರಲಿಲ್ಲ ಎಂದು ನೆಪ ಹೇಳಬಹುದು. ನನ್ನ ಕಾಲೇಜಿನಲ್ಲಿತ್ತು. ಬಸ್ಸು ಹತ್ತಿ ಹೋಗಿದ್ದರೆ ಅರ್ಧ ದಿನದ ಕೆಲಸ. ಪುಸ್ತಕದಲ್ಲಿ ಓದಿದ್ದ ಸೂಜಿ ಕಣ್ಣಿಗೆ ಬಿದ್ದ ಸಂಭ್ರಮದಲ್ಲಿ ಬೇರೇನನ್ನೂ ನೋಡಲಿಲ್ಲ. ಮನೆಯವನೇ ಆದ ಮಾಮನ ಮೇಲೆ ತಪ್ಪು ಹೊರಿಸುವುದು ಸುಲಭವಾಗಿತ್ತು, ಹೊರಿಸಿದೆ. ಆ ಚಹಾ ಕುಡಿಯಲಾಗದೆ ಅಲ್ಲೇ ಅತ್ತುಬಿಟ್ಟೆ. ಮೊರಿತಾ-ಸಾನ್ ಎದ್ದು ಹೋಗಿ ಕಿಟಕಿಯ ಕಡೆ ಮುಖ ಮಾಡಿ ನಿಂತರು. ಅಳುವವರನ್ನು ನೋಡದಿರುವುದು ಅಲ್ಲಿಯ ಮರ್ಯಾದೆ. ನಮ್ಮಲ್ಲಾಗಿದ್ದರೆ ನಾಲ್ಕು ಜನ ಸುತ್ತ ಕೂತು ನನಗಿಂತ ಜೋರಾಗಿ ಅಳುತ್ತಿದ್ದರು. ಆ ಹೊತ್ತಿಗೆ ನನಗೆ ಬೇಕಿದ್ದದ್ದು ಅಂಥ ನಾಲ್ಕು ಜನವೇ.

ಸಂಜೆ ನಾಲ್ಕಕ್ಕೆ ಸರಳು ನೂರು ತಾಸು ದಾಟಿತು. ಯೋಶಿಯೆ-ಸಾನ್ ಮೆಲ್ಲಗೆ ಚಪ್ಪಾಳೆ ತಟ್ಟಿದರು. ನಾನು ಹೊರಗೆ ಓಡಿ ಫೋನ್ ಮಾಡಿದೆ. ಗಂಗತ್ತೆ ಅದನ್ನು ಮಾಮನ ಕಿವಿಗೆ ಹಿಡಿದಳು. ಆಕ್ಸಿಜನ್ನಿನ ಗುಳುಗುಳು ಸದ್ದು ಕೇಳುತ್ತಿತ್ತು.

“ಮಾಮ, ನೂರು ದಾಟೇತಿ. ಇನ್ನೂ ಮುರಿದಿಲ್ಲ.”

“ಮಸ್ತ್...” ಅಂದ. ಉಸಿರಿಗೆ ನಿಂತು, “ಪಿಸ್ಟನ್?”

“ಪಿಸ್ಟನ್ ಹೆಪ್ಪಿನಿಂದ ಒಡದದ್ದಲ್ಲ ಮಾಮ. ನಾ ತಪ್ಪು ಹೇಳಿದ್ದೆ. ಎಂಜಿನ್ ನೀರಿಲ್ದ ಓಡೇತಿ. ಕಾದು ಮೆತ್ತಗಾಗಿ ಒಡದೇತಿ. ನಿನ್ನ ಎರಕ ಹೊಸದರಂಗ ಐತಂತ. ನಿಂದೇನೂ ತಪ್ಪಿಲ್ಲ. ನಂದ ತಪ್ಪು.”

ಬಹಳ ಹೊತ್ತು ಬರೀ ಗುಳುಗುಳು. ಅವನಿಗೆ ಹಗುರವಾಗಿರಬೇಕು, ಅಳುತ್ತಿರಬೇಕು ಎಂದುಕೊಂಡೆ.

“ಹಂಗಾದ್ರ,” ಅಂದ, “ಅವತ್ತು ಯಂಕೋಬ ನೀರು ನೋಡಿಲ್ಲ.”

“ಹೂಂ.”

“ಸುಜೀ, ಇದನ್ನ ಅವನಿಗೆ ಹೇಳಬ್ಯಾಡ.”

“ಯಾಕ ಮಾಮ? ಇಷ್ಟು ವರ್ಷ ನೀ ಹೊತ್ಕಂಡು...”

“ಅವನ ಕೈ ಹೋಗೇತಿ. ತಪ್ಪೂ ಅವನ ತಲಿಗೇ ಕಟ್ಟಿದ್ರ ಅವ ಎಲ್ಲಿಗೋಗ್ಬೇಕು? ನನಗರ ಎರಡು ಕೈ ಅದಾವ... ಹೊತ್ಕಂತೀನಿ.” ಉಸಿರು ಎಳೆದುಕೊಂಡ. “ಜಪಾನಿನ್ಯಾಗೂ ಎರಕದ್ದ ತಪ್ಪು ಅಂದ್ರು ಅಂತ ಹೇಳು. ಅವನಿಗೆ ಈ ವರ್ಷ ಕೊಡೋದು ಮಾಡಿಟ್ಟೀನಿ. ನಿಮ್ಮತ್ತಿ ಕೊ‌ಡ್ತಾಳ. ನೀನ ಒಯ್ದು ಕೊಡು.”

ನಾನು ಅಳುವುದು ಕೇಳಿಸಿರಬೇಕು.

“ಅಳಬ್ಯಾಡಲೇ. ಅವತ್ತು ನೀ ಹೇಳಿದ್ದೂ ಕಲ್ತು ಹೇಳಿದ್ದ, ಇವತ್ತು ಹೇಳಿದ್ದೂ ಕಲ್ತು ಹೇಳಿದ್ದ. ಮನಷ್ಯಾ ಮರೀತಾನ. ನೀರು ಹಾಕಾಕ ಮರ್ತರೂ ತಾಳೋ ಅಂಥಾದ್ದು ಬೇಕಿತ್ತು ನಮಗ. ಅದು ಆತಲ್ಲ?”

“ಆತು ಮಾಮ.”

“ಮತ್ತ್ಯಾಕ ಅಳ್ತಿ?” ಅಂದ.

ಅದು ನಾನು ಕೇಳಿದ ಅವನ ಕೊನೆಯ ಮಾತು.

ಸೋಮವಾರ, ಮತ್ತೊಮ್ಮೆ

ಭಾನುವಾರ ಬೆಳಿಗ್ಗೆ ಗಂಗತ್ತೆಯೇ ಫೋನ್ ಮಾಡಿದಳು. ಆ ಹೊತ್ತಿನಲ್ಲಿ ಅವಳು ಫೋನ್ ಮಾಡುವವಳಲ್ಲ. ಎತ್ತುವ ಮೊದಲೇ ತಿಳಿಯಿತು. ಎಷ್ಟು ಬೇಗ ಹೊರಟರೂ ಎರಡು ದಿನದ ದಾರಿ. ಮಣ್ಣು ಅಂದು ಸಂಜೆಗೇ. “ನೀ ಬಂದ್ರೂ ಮುಖ ಸಿಗಂಗಿಲ್ಲವಾ,” ಅಂದಳು ಅತ್ತೆ. ಅವಳ ದನಿ ಒಣಗಿತ್ತು. “ಆ ಸರಳಿನ ಹತ್ರ ಇರು. ಅವ ಇದ್ದಿದ್ರ ಅದನ್ನ ಹೇಳ್ತಿದ್ದ.”

ರಜೆಯ ದಿನವಾದರೂ ಯೋಶಿಯೆ-ಸಾನ್ ಬಂದು ಬಾಗಿಲು ತೆಗೆದುಕೊಟ್ಟರು. ಕುಲುಮೆಯ ಎದುರು ಕುರ್ಚಿ ಹಾಕಿಕೊಂಡು ಕೂತೆ. ಹೊಸಪೇಟೆಯಲ್ಲಿ ಅವನನ್ನು ಎತ್ತುವ ಹೊತ್ತಿಗೆ ಇಲ್ಲಿ ಕತ್ತಲಾಗಿತ್ತು. ಸರಳು ಒಂದು ಕೂದಲಷ್ಟು ಜಗ್ಗಿತು. ನನಗೆ ಅದರ ಮೇಲೆ ಸಿಟ್ಟು ಬಂತು. ಅವನಿಗೆ ಒಂದು ವಾರ ಹೆಚ್ಚು ಕೊಡಲಾಗದ ಗಟ್ಟಿತನ ಯಾತಕ್ಕೆ?

ಸೋಮವಾರ ಬೆಳಿಗ್ಗೆ ಅದು ಮುರಿಯಿತು. ಸದ್ದು ದೊಡ್ಡದೇನಲ್ಲ, ಬಾವಿಯ ತಳಕ್ಕೆ ಒಂದು ಕಲ್ಲು ಬಿದ್ದಷ್ಟು. ಯೋಶಿಯೆ-ಸಾನ್ ಎರಡು ತುಂಡನ್ನೂ ಇಕ್ಕಳದಿಂದ ತೆಗೆದು, ಆರಿದ ಮೇಲೆ ಅಂಗೈಯಲ್ಲಿಟ್ಟುಕೊಂಡು ಬಗ್ಗಿ “ಒತ್ಸುಕಾರೆಸಾಮಾ” ಅಂದರು. ಕೆಲಸ ಮುಗಿಸಿ ಮನೆಗೆ ಹೊರಟವರಿಗೆ ಅಲ್ಲಿ ಹೇಳುವ ಮಾತು. ಬಹಳ ದಣಿದಿರಿ ಅಂತ. ನಮ್ಮ ಭಾಷೆಯಲ್ಲಿ ನಾವು ಅದನ್ನು ಯಾರಿಗೂ ಹೇಳುವುದಿಲ್ಲ. ಮೂವತ್ತು ವರ್ಷದಲ್ಲಿ ಮಾಮನಿಗೆ ಒಬ್ಬರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮುರಿದ ತುಂಡುಗಳನ್ನು ಅವರು ಬಿಸಾಡುವುದಿಲ್ಲ. ಬಿಳಿ ದಾರದಿಂದ ಕಟ್ಟಿ ಮರದ ಪೆಟ್ಟಿಗೆಯಲ್ಲಿಟ್ಟು, ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಅವಕ್ಕೆ ನಮಸ್ಕಾರ ಮಾಡುತ್ತಾರಂತೆ. ಒಂದು ತುಂಡು ನನಗೆ ಬೇಕು ಅಂದೆ. ಹಾಗೆ ಕೊಡುವ ನಿಯಮವಿಲ್ಲ ಎಂದು ಯೋಶಿಯೆ-ಸಾನ್ ಸಂಕಟಪಟ್ಟರು. ಮೊರಿತಾ-ಸಾನ್ ಯಾತಕ್ಕೆ ಎಂದು ಕೇಳಿದರು. “ಮೂಸೆಗೆ ಮೊದಲು ಹಾಕಲಿಕ್ಕೆ” ಅಂದೆ. ಅವರು ಲೆಕ್ಕದ ಪುಸ್ತಕ ತರಿಸಿ ತಾವೇ ಏನೋ ಬರೆದು, ಅರ್ಧ ಸರಳನ್ನು ನನ್ನ ಕೈಗಿಟ್ಟರು. ಏನು ಬರೆದಿರಿ ಎಂದರೆ, “ಒಂದು ತುಂಡು ಊರಿಗೆ ಹೋಯಿತು” ಅಂದರು.

ಕಂಪ್ಲಿ

ಹೊಸಪೇಟೆಗೆ ಬಂದ ಮರುದಿನ ಮಣ್ಣಿನ ಗುಡ್ಡೆಯ ಹತ್ತಿರ ಕೂತು, ಬಹಳ ದಣಿದೆ ಮಾಮ ಎಂದು ಹೇಳಿದೆ. ಅದರ ಮರುದಿನ ಫೌಂಡ್ರಿಯಲ್ಲಿ, ಎಲ್ಲರೂ ನಿಂತಿರುವಾಗ, ಅರ್ಧ ಸರಳನ್ನು ಮೂಸೆಗೆ ಹಾಕಿ, “ಇವತ್ತಿನಿಂದ ಹೆಪ್ಪು ತಪ್ಪಿಸಬ್ಯಾಡ್ರಿ. ನಾನು ಹೇಳಿದ್ದು ತಪ್ಪಿತ್ತು” ಅಂದೆ. ಒಬ್ಬಾತ ಜೋಳದ ದಂಟು ತಂದುಕೊಟ್ಟ. ಅದ್ದಿ ನೋಡಿದೆ. ನನಗೆ ಹದ ತಿಳಿಯಲಿಲ್ಲ. ಮೀಟರು ನೋಡಿಯೇ ಹೊಯ್ಯಿಸಿದೆ.

ಉಳಿದಿದ್ದದ್ದು ಒಂದು ಕೆಲಸ. ಗಂಗತ್ತೆ ಕೊಟ್ಟದ್ದನ್ನು ಚೀಲದಲ್ಲಿಟ್ಟುಕೊಂಡು ಕಂಪ್ಲಿ ಬಸ್ಸು ಹತ್ತಿದೆ. ಎರಡೂ ಕಡೆ ಗದ್ದೆ, ಬಾಳೆತೋಟ. ಜಪಾನಿನ ತನಕ ಹೋದಾಗಲೂ ಆ ದಾರಿಯಷ್ಟು ಉದ್ದ ಅನಿಸಿರಲಿಲ್ಲ.

ಯಂಕೋಬಣ್ಣ ಅಂಗಳದಲ್ಲೇ ಇದ್ದರು. “ಬರ್ರಿ, ಬರ್ರಿ, ಕುಂದ್ರಿ” ಎಂದು ಎಡಗೈಯಿಂದ ಕುರ್ಚಿ ಜಗ್ಗಿದರು. ಮಣ್ಣಿಗೆ ಬಂದಿದ್ದರಂತೆ. ಒಳಗೆ ಗೋಡೆಯ ಹಲಗೆಯ ಮೇಲೆ ಮಾಮ ಕೊಟ್ಟದ್ದೆಲ್ಲ ಸಾಲಾಗಿತ್ತು. ಅಂಚಿನ ತಟ್ಟೆ, ಮೊಳೆಯ ಮಣೆ, ಹಿಡಿಕೆಯ ಚರಿಗೆ. ದಿನಾ ತಿಕ್ಕಿ ತಿಕ್ಕಿ ಬೆಳ್ಳಗಾಗಿದ್ದವು. ನಾನು ಈ ವರ್ಷದ್ದನ್ನು ತೆಗೆದುಕೊಟ್ಟೆ. ಒಂದು ಪುಟ್ಟ ಭಾರದ ಪೀಠ. ಮೇಲೆ ಕಡ್ಡಿಪೆಟ್ಟಿಗೆ ಅಲುಗದಂತೆ ಕೂರುವ ಕಚ್ಚು. ಒಂದೇ ಕೈಯಲ್ಲಿ ಕಡ್ಡಿ ಗೀರಲಿಕ್ಕೆ.

ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದರು.

“ಹುಲುಗಪ್ಪಣ್ಣ ಹೇಳಿದ್ದ, ನೀವು ಆ ಪಿಸ್ಟನ್ನ ದೊಡ್ಡ ದೇಶಕ್ಕ ಒಯ್ಯಾಕತ್ತೀರಿ ಅಂತ,” ಅಂದರು ತಲೆ ಎತ್ತದೆ. “ಏನರ ಗೊತ್ತಾತೇನ್ರಿ, ಅದು ಯಾಕ ಒಡೀತಂತ?”

ನಾನು ಹಲಗೆಯ ಮೇಲಿನ ಪಾತ್ರೆಗಳನ್ನು ನೋಡಿದೆ.

“ಎರಕದಾಗ ತಪ್ಪಿತ್ತಣ್ಣ,” ಅಂದೆ. “ಕಬ್ಬಿಣ ಸೇರಿತ್ತು. ಜಪಾನಿನೋರೂ ಅದನ್ನ ಅಂದ್ರು. ನಿಮ್ಮ ಎಂಜಿನ್ ಸರಿ ಇತ್ತು.”

ಅವರು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು.

“ನಿಜಾನ? ಅವತ್ತು ನೀರು ಹಾಕಿದ್ನೋ ಇಲ್ಲೋ ಅಂತ ಹನ್ನೆರಡು ವರ್ಷ ಭಾಳ ಒದ್ದಾಡೀನ್ರಿ. ನೆನಪ ಬರವಲ್ದು. ಅಣ್ಣ ಬಂದಾಗೆಲ್ಲ ‘ನಂದ ತಪ್ಪು’ ಅಂತಿದ್ದ. ಒಳ್ಳೆ ಮನಷ್ಯಾ, ನನ್ನ ಸಮಾಧಾನಕ್ಕ ಹೇಳ್ತಾನ ಅಂತ ನಾ ನಂಬ್ತಿರ್ಲಿಲ್ಲ. ನೀವು ಓದಿದೋರು. ನೀವಂದ್ರ ನಂಬ್ತೀನಿ.” ಎಡಗೈಯಿಂದ ಕಣ್ಣು ಒರೆಸಿಕೊಂಡರು. “ಇರ್ರಿ, ಚಾ ಮಾಡ್ತೀನಿ.”

ಪೀಠಕ್ಕೆ ಕಡ್ಡಿಪೆಟ್ಟಿಗೆ ಸಿಕ್ಕಿಸಿ ಕಡ್ಡಿ ಗೀರಿದರು. ಮೊದಲ ಸಲಕ್ಕೇ ಹತ್ತಿತು. ಹನ್ನೆರಡು ವರ್ಷದ ಹಿಂದೆ ತಿಳಿಯದೆ ಮಾಮನ ಮೇಲೆ ಹೊರಿಸಿದ ತಪ್ಪನ್ನು ಈಗ ತಿಳಿದೂ ತಿಳಿದೂ ಹೊರಿಸಿ, ಅವರು ಕೊಟ್ಟ ಚಹಾ ಕುಡಿದು, ಹೊಸಪೇಟೆಯ ಬಸ್ಸು ಹತ್ತಿದೆ.